ಅಕ್ಕನ ಪಾಲಿನ ಜಗತ್ತು

ಹೊಲಿಗೆ ಯಂತ್ರ ಹೋಟೆಲಿನ ಕೋಣೆಗೆ ಊಟದ ಹಾಗೆ ಬಂತು. ಬಿಳಿ ಬಟ್ಟೆ ಹೊದಿಸಿದ ತಳ್ಳುಗಾಡಿ, ಪಕ್ಕದಲ್ಲೊಂದು ಗುಲಾಬಿ, ಹಿಂದೆ ಕೈಗವಸು ತೊಟ್ಟ ಪರಿಚಾರಕ. ಅವನು ಮುಸುಕು ತೆಗೆದು ತಲೆಬಾಗಿದ. ತಂಗಿಯೂ ತಲೆಬಾಗಿದಳು. ಈ ಪ್ರವಾಸದಲ್ಲಿ ಅವಳು ಕಲಿತದ್ದು ಅದೊಂದೇ.

ಪ್ರವಾಸ ಅಕ್ಕನದು. ಅಕ್ಕ ಬಟ್ಟೆ ಕತ್ತರಿಸುತ್ತಿದ್ದಳು, ತಂಗಿ ಹೊಲಿಯುತ್ತಿದ್ದಳು. ಜೀವಮಾನವಿಡೀ ಒಂದೇ ಅಂಗಡಿ, ಒಂದೇ ಮೇಜು. ಮಂಡಿ ಸವೆಯುವ ಮೊದಲು ಒಮ್ಮೆ ರಾಣಿಯಂತೆ ಭೂಮಿ ಸುತ್ತಿ ಬರುತ್ತೇನೆಂದು ಹಟ ಹಿಡಿದ ಅಕ್ಕ, ವಿಮಾನದ ಮೊದಲ ದರ್ಜೆಯಲ್ಲೇ ಸೀಟು ಕಾದಿರಿಸಿದ್ದಳು. ಒಂದೇ ಸೀಟು.

"ನೀನು ಬೇಡ ಕಣೇ. ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ. ಹೋದಷ್ಟೇ ಬೇಗ ಬರ್ತೀನಿ, ಅಂಗಡಿ ನೋಡ್ಕೋ" ಎಂದು ನಕ್ಕಿದ್ದಳು.

ಹೊರಡುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟಳು. ಅಕ್ಕನ ಮಗಳು ಓಡಾಡಿ ಟಿಕೆಟ್ಟನ್ನು ಚಿಕ್ಕಮ್ಮನ ಹೆಸರಿಗೆ ಬದಲಾಯಿಸಿದಳು. ಬೇಡ ಎನ್ನಲೂ ತ್ರಾಣ ಬೇಕಲ್ಲ, ತಂಗಿ ಹೊರಟಳು.

ಪಾಠ ಒಪ್ಪಿಸಿದ ಹಾಗೆ ಜಗತ್ತು ನೋಡಿದಳು. ವಿಮಾನದಲ್ಲಿ ಕಾಲು ಚಾಚುವ ಹಾಸಿಗೆ, ಇಳಿದರೆ ಕಾದು ನಿಂತ ಕರಿ ಕಾರು, ಕೋಣೆಗೆ ಬಂದರೆ ಕಡಲು ಕಾಣುವ ಸ್ನಾನದ ತೊಟ್ಟಿ. ಚೆನ್ನಾಗಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಅಕ್ಕ ಸತ್ತಾಗಲೂ ಅವಳು ಅತ್ತಿರಲಿಲ್ಲ. ಕಲ್ಲೆದೆ ಎಂದು ನೆಂಟರು ಆಡಿಕೊಂಡಿದ್ದರು. ಆಡಿಕೊಳ್ಳಲಿ, ಎದೆಯೊಂದು ಇದೆ ಎಂದಾದರೂ ಒಪ್ಪಿದರಲ್ಲ.

ಈ ಕೊನೆಯ ಊರಿಗೆ ಬಂದಿಳಿದ ಬೆಳಿಗ್ಗೆಯೇ ಅಕ್ಕನ ಮಗಳ ಫೋನು.

"ಚಿಕ್ಕಮ್ಮ, ಅಂಗಡಿ ಮಾಲೀಕರು ಮತ್ತೆ ಕೇಳ್ತಿದ್ದಾರೆ. ಇಟ್ಕೋತೀಯಾ, ಬಿಡ್ತೀಯಾ? ಇವತ್ತೇ ಹೇಳ್ಬೇಕಂತೆ."

"ಇಟ್ಕೊಂಡು? ಕತ್ತರಿಸೋರು ಯಾರು?"

"ಅಮ್ಮ ಕತ್ತರಿಸೋದನ್ನ ದಿನಾ ನೋಡಿದ್ದೀಯಲ್ಲ, ನೀನೇ ಕತ್ತರ್ಸು. ಸಂಜೆ ಹೇಳು."

ಹಾಗಾಗಿ ಪೇಟೆಗೆ ಹೋಗಿ ನೀಲಿ ಬಟ್ಟೆ ತಂದು, ಹೋಟೆಲಿನವರಲ್ಲಿ ಹೊಲಿಗೆ ಯಂತ್ರ ಕೇಳಿದ್ದಳು. ತನ್ನದೇ ಅಳತೆಯ ಒಂದು ಅಂಗಿ. ಸರಿಬಂದರೆ ಅಂಗಡಿ, ಬರದಿದ್ದರೆ ಬೀಗ. ಮನಸ್ಸು ತುಟಿಪಿಟಕ್ಕೆನ್ನದೆ ಕೂತಿರುವಾಗ ಬಟ್ಟೆಯಾದರೂ ಏನಾದರೊಂದು ಹೇಳಲಿ ಎಂದುಕೊಂಡಳು.

ಎಂಟು ಜನ ಉಣ್ಣಬಹುದಾದ ಮೇಜಿನ ಮೇಲೆ ಬಟ್ಟೆ ಹರಡಿ, ಹೋಟೆಲಿನ ಸಾಬೂನಿನಿಂದ ಗೆರೆ ಎಳೆದಳು. ಕೆಲಸ ಕಲಿಯಲು ಬಂದವರಿಗೆಲ್ಲ ಅಕ್ಕ ಹೇಳಿಕೊಡುತ್ತಿದ್ದಂತೆ, ಹೊಲಿಗೆಗೆಂದು ಅಂಚಿನಲ್ಲಿ ಒಂದು ಬೆರಳು ಬಿಟ್ಟಳು. ಕತ್ತರಿ ಗೆರೆ ತಪ್ಪಲಿಲ್ಲ. ಆಮೇಲಿನದು ಅವಳಿಗೆ ನೀರು ಕುಡಿದಷ್ಟು ಸುಲಭ, ಯಂತ್ರ ಗಡಗಡ ಓಡಿತು.

ತೊಟ್ಟು ನೋಡಿದರೆ ಅಂಗಿ ಬಿಗಿ. ಕಂಕುಳಲ್ಲಿ ಹಿಡಿಯಿತು, ತೋಳು ಮೇಲೇಳಲಿಲ್ಲ. ತೆಗೆದು ಅಳೆದಳು. ಕತ್ತರಿಸಿದ್ದು ಕರಾರುವಾಕ್ಕಾಗಿತ್ತು. ಒಳಮಗ್ಗುಲು ತಿರುಗಿಸಿದಾಗ ಕಂಡಿತು: ಹೊಲಿಗೆಯೇ ಒಂದು ಬೆರಳಿನ ಗೆರೆ ದಾಟಿ ತೀರಾ ಒಳಗೆ ಹೋಗಿತ್ತು. ಇಡೀ ಅಂಗಿಯಲ್ಲಿ ಒಂದೇ ಸಮ. ಅವಳ ಕೈಯ ವಾಡಿಕೆಯೇ ಅದು. ಹಾಗಾದರೆ ಇಷ್ಟು ವರ್ಷ ಹೊಲಿದದ್ದೆಲ್ಲ ಗಿರಾಕಿಗಳಿಗೆ ಹೇಗೆ ಸರಿಬಂತು?

ನಂಬಿಕೆ ಬಾರದೆ ಮತ್ತೆ ಅಂಗಿ ತೊಟ್ಟು, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲಿ ಹಚ್ಚಿದಳು. "ನಿಮ್ಮಮ್ಮ ಕತ್ತರಿಸುವಾಗ ಅಂಚಲ್ಲಿ ಎಷ್ಟು ಬಿಡ್ತಿದ್ಲು?"

"ನಿಂಗಾದ್ರೆ ಮೂರು ಬೆರಳು."

"ನಂಗಾದ್ರೆ?"

"ಅಯ್ಯೋ, ಗೊತ್ತೇ ಇರ್ಲಿಲ್ವಾ? ನಿನ್ನ ಕೈ ಬಟ್ಟೆ ನುಂಗುತ್ತೆ ಅಂತ ಅಮ್ಮ ಎರಡು ಬೆರಳು ಜಾಸ್ತಿ ಬಿಡ್ತಿದ್ಲು. ಮೊದಲಿಂದ್ಲೂ. ಹೇಳ್ಬೇಡ, ನೊಂದ್ಕೋತಾಳೆ ಅಂತಿದ್ಲು. ಚಿಕ್ಕಮ್ಮ? ಇದ್ದೀಯಾ?"

ತಂಗಿಗೆ ಅಳು ಬಂತು. ನಾಚಿಕೆಯೂ ಬೆರೆತ, ಸದ್ದು ಮಾಡುವ ಅಳು. ಕಣ್ಣೊರೆಸಿಕೊಳ್ಳೋಣವೆಂದರೆ ಆ ಬಿಗಿ ಅಂಗಿಯಲ್ಲಿ ಕೈ ಮುಖದವರೆಗೆ ಬರಲಿಲ್ಲ. ಗಾಡಿ ಒಯ್ಯಲು ಬಂದ ಪರಿಚಾರಕ ಬಾಗಿಲಲ್ಲೇ ಗಾಬರಿಯಾಗಿ ನಿಂತ. ಯಂತ್ರ ಇಲ್ಲೇ ಇರಲಿ ಎಂದು ಅವಳು ತಲೆಯಲ್ಲೇ ಸನ್ನೆ ಮಾಡಿದಳು.

"ಮಾಲೀಕರಿಗೆ ಏನ್ ಹೇಳ್ಲಿ?" ಎಂದಳು ಅಕ್ಕನ ಮಗಳು.

"ತಡಿ, ಇನ್ನೂ ಬಟ್ಟೆ ಇದೆ."

ಫೋನನ್ನು ಮೇಜಿನ ತುದಿಗೆ ಸರಿಸಿ, ಉಳಿದ ನೀಲಿ ಬಟ್ಟೆಯ ಸುಕ್ಕು ತೀಡಿದಳು. ಅಳತೆಯ ಗೆರೆಯ ಪಕ್ಕ ಮೂರು ಬೆರಳು ಊರಿ, ಅದರಾಚೆ ಸಾಬೂನು ಎಳೆಯತೊಡಗಿದಳು.