ಅತ್ತೆಯ ಕಾಲಿನ ಮಂದ್ರ

ಕೈಗೆ ಬುದ್ಧಿ ಹೇಳಬಹುದು, ಕಾಲಿಗೆ ಹೇಳುವುದು ಕಷ್ಟ. ಅತ್ತೆಗೆ ಇದು ಗೊತ್ತಾದದ್ದು ಅವರ ಜಾಝ್ ಆಲ್ಬಮ್ಮಿನ ಧ್ವನಿಮುದ್ರಣದ ದಿನ.

ಆರ್ಗನ್ ನುಡಿಸುವವರಿಗೆ ಮಂದ್ರದ ಸ್ವರಗಳು ಕಾಲಡಿಯಲ್ಲೇ ಇರುತ್ತವೆ. ಮರದ ಪೆಡಲುಗಳ ಮೇಲೆ ಅತ್ತೆಯ ಪಾದ ಹರಿದಾಡಿದರೆ ಮಂದ್ರಕ್ಕೆಂದು ಬೇರೆ ಬಾಸ್ ವಾದಕನೇ ಬೇಡ. ಆಯಸ್ಸೆಲ್ಲ ಸಣ್ಣ ಕೂಟಗಳಲ್ಲಿ ಹೀಗೇ ನುಡಿಸಿದವರು. ಈಗ ಅಳಿಯ ಅವರ ಹಾಡುಗಳನ್ನೆಲ್ಲ ದೊಡ್ಡ ಬ್ಯಾಂಡಿಗೆ ಹೊಂದಿಸಿ ಬರೆದಿದ್ದ. ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನುಗಳ ದಿಬ್ಬಣವೇ ಸ್ಟುಡಿಯೋದಲ್ಲಿ ನೆರೆದಿತ್ತು. ಮಂಡಿಗೆ ಶಸ್ತ್ರಚಿಕಿತ್ಸೆಯಾದ ಅತ್ತೆಗೆ ಶ್ರಮವಾಗದಿರಲೆಂದು ಮಂದ್ರವನ್ನು, ಆಳೆತ್ತರದ ಪಿಟೀಲಿನಂಥ ಬಾಸ್ ನುಡಿಸುವ ವಾದಕನೊಬ್ಬನಿಗೆ ಒಪ್ಪಿಸಿದ್ದ.

“ಅತ್ತೆ, ಕಾಲಿಗೆ ರಜ. ಕೈ ಆಡಿಸಿದ್ರೆ ಸಾಕು.”

“ಆಗ್ಲಿ ಅಳಿಯಂದ್ರೇ.”

ಅಷ್ಟು ಅಕ್ಕರೆಯ ಏರ್ಪಾಡಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಒಳಗೊಳಗೇ, ತನ್ನ ಅರ್ಧ ಸಂಗೀತವನ್ನೇ ಯಾರೋ ಎತ್ತಿಕೊಂಡು ಹೋದಂತಾಯಿತು.

ಬ್ಯಾಂಡ್ ಶುರುವಾಗಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಧ್ವನಿ ಮುದ್ರಿಸುವಾಕೆ ಗಾಜಿನಾಚೆಯಿಂದ ಮೈಕಿನಲ್ಲಿ ಕೂಗಿದಳು: “ನಿಲ್ಸಿ, ನಿಲ್ಸಿ! ತಳದ ಸ್ವರಗಳೆಲ್ಲ ಕಲಸಿ ಬರೀ ಕೆಸರು!”

ಮತ್ತೆ ನುಡಿಸಿದರು. ಮತ್ತೆ ಕೆಸರು. ಎಲ್ಲರ ಕಣ್ಣೂ ಬಾಸ್ ವಾದಕನತ್ತ ಹೊರಳಿತು.

“ನನ್ನ ಬಯ್ಬೇಡ್ರಪ್ಪ, ಆರ್ಗನ್ ಬೆಂಚಿನ ಕೆಳಗೆ ನೋಡಿ,” ಎಂದ ಅವನು.

ಚಪ್ಪಲಿ ಒಂದು ಕಡೆ ಬಿದ್ದಿದೆ. ಅತ್ತೆಯ ಎರಡೂ ಪಾದ ಪೆಡಲುಗಳ ಮೇಲಿವೆ!

“ಅಯ್ಯೋ, ನಾನಲ್ಲ, ಇವು!” ಎಂದು ಅತ್ತೆ ಕಾಲುಗಳ ಮೇಲೇ ದೂರು ಹೇಳಿದರು. ಈ ಸಲ ಕಾಲನ್ನು ಬೆಂಚಿನಡಿ ಹೆಣೆದುಕೊಂಡು ನುಡಿಸಿದರು. ಕೆಸರೇನೋ ತಿಳಿಯಾಯಿತು. ಆದರೆ ಕೈಯೂ ಮಂಕಾಗಿ, ಹಾಡು ಉಪ್ಪಿಲ್ಲದ ಅಡಿಗೆಯಾಯಿತು.

ಅಳಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. “ಕಾಲಲ್ಲಿ ನುಡಿಸಿದ್ರೆ ನೋಯಲ್ವಾ ಅತ್ತೆ?”

“ನೋಯತ್ತೆ. ಸುಮ್ನೆ ಕೂತ್ರೆ ಇನ್ನೂ ನೋಯತ್ತೆ. ದೇವರು ಕೈ ಕೊಟ್ಟು ಸುಮ್ನಾಗ್ಲಿಲ್ಲ, ಕಾಲೂ ಕೊಟ್ಟ. ವಾಪಸ್ ಇಸ್ಕೊಳ್ಳೋಕೆ ನೀವ್ಯಾರು ಅಳಿಯಂದ್ರೇ?”

ಬ್ಯಾಂಡ್ ಗೊಳ್ಳೆಂದಿತು. ಅಳಿಯನೂ ನಕ್ಕು ಕೈಮುಗಿದ.

“ಸರಿ, ನಾನಿನ್ನು ಮನೆಗೆ ಹೊರಡ್ಲಾ?” ಎಂದ ಬಾಸ್ ವಾದಕ.

“ಎಲ್ಲಿಗಪ್ಪಾ? ಕಮಾನು ತಗೋ. ಟ್ರೊಂಬೋನಿನವರ ಜೊತೆ ಹಾಡು ಎಳಿ. ಮಂದ್ರದ ನೆಲ ನಾನು ನೋಡ್ಕೊತೀನಿ,” ಎಂದರು ಅತ್ತೆ.

ಆಮೇಲೆ ಅತ್ತೆಯ ಕಾಲು ನಡೆದ ದಾರಿಯಲ್ಲೇ ಇಡೀ ಬ್ಯಾಂಡ್ ನಡೆಯಿತು. ಟ್ರಂಪೆಟ್ಟುಗಳು ಕೇಕೆ ಹಾಕಿದವು. ಕಮಾನಿನಡಿ ಬಾಸ್, ಹಟ್ಟಿಗೆ ಮರಳುವ ಹಸುವಿನಂತೆ ತುಂಬಿದ ಕೊರಳಲ್ಲಿ ಹಾಡಿತು. ಬ್ಯಾಂಡ್ ನಡೆಸುತ್ತಿದ್ದ ಅಳಿಯ ಕೈ ಇಳಿಸಿ ಮುಗಿಸಿದಾಗ ಎಲ್ಲರ ವಾದ್ಯವೂ ನಿಂತಿತು. ಅತ್ತೆಯ ಎಡಗಾಲು ಮಾತ್ರ ಮೇಲೇಳಲಿಲ್ಲ. ಭೂಮಿಯೇ ಕಣ್ಣು ಮುಚ್ಚಿ ಗುನುಗಿದ ಹಾಗೆ ಆ ಒಂದು ಸ್ವರ ಉಳಿಯಿತು. ಯಾರೂ ಕೆಮ್ಮಲಿಲ್ಲ. ಗಾಜಿನಾಚೆಯವಳು ಯಂತ್ರ ನಿಲ್ಲಿಸಲಿಲ್ಲ.