ಶಟರ್ ಎಳೆದ ಭಾನುವಾರ

ಭಾನುವಾರ ಬೆಳಿಗ್ಗೆ ಆರೂವರೆಗೆ ಟೈಲರಕ್ಕನ ಅಂಗಡಿಯ ಕಿಟಕಿ ಗಾಜು ಗಡಗಡ ನಡುಗಿತೆಂದರೆ ಬೈಕಿನವರು ಬಂದರು ಎಂದೇ ಅರ್ಥ. ಅಂಗಡಿಯ ಮುಂದಿನ ರಸ್ತೆ ಹೊಸದು, ಅಗಲವಾದದ್ದು, ಹುಡುಕಿದರೂ ಒಂದು ಗುಂಡಿ ಸಿಗದು. ಆ ಒಳ್ಳೆಯತನವೇ ಅದಕ್ಕೆ ಮುಳುವಾಗಿತ್ತು. ವಾರವಾರವೂ ಹತ್ತು ಹದಿನೈದು ಬೈಕುಗಳು ಸಾಲಾಗಿ ನಿಲ್ಲುತ್ತಿದ್ದವು. ಒಬ್ಬ ಕರವಸ್ತ್ರ ಬೀಸುತ್ತಲೇ ಬಾಣ ಬಿಟ್ಟಂತೆ ಹೋಗುತ್ತಿದ್ದವು. ಹಾಲು ತರಲು ಹೊರಟವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಮಲಗಿದ್ದ ಕೂಸುಗಳು ಕಿಟಾರನೆ ಕಿರುಚಿ ಏಳುತ್ತಿದ್ದವು. ಬೀದಿಯವರೆಲ್ಲ ಗೊಣಗುತ್ತಿದ್ದರು, ಗೊಣಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಟೈಲರಕ್ಕನಿಗೆ ಗೊಣಗುವ ಹಕ್ಕೂ ಇರಲಿಲ್ಲ. ಆ ಬೈಕುಗಳಲ್ಲಿ ಅರ್ಧಕ್ಕರ್ಧ ತಯಾರಾಗುತ್ತಿದ್ದದ್ದು ಪಕ್ಕದ ಗ್ಯಾರೇಜಿನಲ್ಲಿ, ಗ್ಯಾರೇಜು ಅವಳ ಗಂಡನದೇ. ಸೈಲೆನ್ಸರ್ ಬಿಚ್ಚುವುದು, ಕನ್ನಡಿ ಕಳಚುವುದು, ಇಂಜಿನ್ನಿಗೆ ಇನ್ನಷ್ಟು ಕಸುವು ತುಂಬುವುದು, ಇದರಲ್ಲೆಲ್ಲ ಅವನದು ಎತ್ತಿದ ಕೈ. ಅವಳು ಒಮ್ಮೆ ಕೇಳಿಯೂ ನೋಡಿದ್ದಳು.

"ನಟ್ಟು ಬಿಗಿ ಮಾಡೋದು ನಾನು, ಓಡಿಸೋರು ಅವರು. ನೀನು ಹೊಲಿದ ಅಂಗಿ ಹಾಕ್ಕೊಂಡು ಯಾರಾದ್ರೂ ಜಗಳ ಆಡಿದ್ರೆ ನಿನ್ನನ್ನ ಕೇಳ್ತಾರಾ?" ಎಂದಿದ್ದ.

ಮಾತು ಸರಿಯೆನ್ನಿಸಿ ಅವಳು ಸುಮ್ಮನಾಗಿದ್ದಳು. ನಿಜಕ್ಕೂ ಸರಿಯೆನ್ನಿಸಿತೋ, ಸರಿ ಅಂದುಕೊಂಡರೆ ಮನೆಯಲ್ಲಿ ನೆಮ್ಮದಿ ಎನ್ನಿಸಿತೋ, ಅವಳಿಗೇ ಗೊತ್ತಿರಲಿಲ್ಲ.

ಹೀಗಿರುವಾಗ ಹೊಲಿಗೆ ಕಲಿಯಲು ಹೊಸಬಳೊಬ್ಬಳು ಬಂದು ಸೇರಿದಳು. ಮೂವತ್ತರ ಆಸುಪಾಸಿನ, ಗಟ್ಟಿಮುಟ್ಟಾದ, ನಗುಮುಖದ ಹೆಂಗಸು. ಕಿಟಕಿ ಪಕ್ಕದ ಮೆಷಿನ್ನೇ ಬೇಕೆಂದು ಬಂದ ದಿನವೇ ಹಟ ಹಿಡಿದಳು. ಟೈಲರಕ್ಕ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಮಂದಿಗೆ ಕಲಿಸಿದ್ದಳು, ಇಂಥ ಕೈಯನ್ನು ಮಾತ್ರ ಕಂಡಿರಲಿಲ್ಲ. ದಿಂಬಿನ ಚೀಲ ಹೊಲಿ ಅಂದರೆ ನಾಲ್ಕೂ ಕಡೆ ಮುಚ್ಚಿ ಕೊಟ್ಟಳು. ಅಂಗಿಯ ತೋಳನ್ನು ಕತ್ತಿನ ಜಾಗಕ್ಕೆ ಕೂಡಿಸಿದಳು. ಟೈಲರಕ್ಕನ ಮಾವನ ಪೈಜಾಮ ರಿಪೇರಿಗೆ ಕೊಟ್ಟರೆ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟಳು. ಮಾವ ಅದರೊಳಗೇ ಇಳಿದು ನಿಂತು, ಕುಪ್ಪಳಿಸುವುದಕ್ಕೆ ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಆದರೆ ಅವಳಿಗೆ ರಜೆ ಎಂಬುದೇ ಇಲ್ಲ. ಭಾನುವಾರವೂ ಆರು ಗಂಟೆಗೇ ಹಾಜರು. ಇಷ್ಟು ಆಸೆಯಿದ್ದೂ ವಿದ್ಯೆ ಕೈಗೆ ಹತ್ತುತ್ತಿಲ್ಲವಲ್ಲ ಎಂದು ಟೈಲರಕ್ಕ ಮರುಗುತ್ತಿದ್ದಳು.

ನಾಲ್ಕನೆಯ ಭಾನುವಾರ ಮಾವ ಪೇಪರ್ ತರಲು ರಸ್ತೆ ದಾಟುತ್ತಿದ್ದರು. ನಡುರಸ್ತೆಯಲ್ಲಿದ್ದಾಗ ತಿರುವಿನಿಂದ ಎರಡು ಬೈಕುಗಳು ಮೈಮೇಲೇ ಬಂದವು. ಒಂದು ಪಕ್ಕಕ್ಕೆ ಸರಿದುಹೋಯಿತು. ಇನ್ನೊಂದರ ಹ್ಯಾಂಡಲ್ ಅವರ ಕೈಚೀಲಕ್ಕೆ ತಗುಲಿ, ಚೀಲ ಒಂದು ಕಡೆ, ಮಾವ ಇನ್ನೊಂದು ಕಡೆ ಬಿದ್ದರು. ಬೈಕು ನಿಲ್ಲಲಿಲ್ಲ. ಟೈಲರಕ್ಕ ಕತ್ತರಿ ಕೆಳಗಿಟ್ಟು ಏಳುವಷ್ಟರಲ್ಲಿ ಹೊಸಬಳು ಆಗಲೇ ಹೊರಗಿದ್ದಳು. ಕೈಗೆ ಸಿಕ್ಕಿದ ಕೆಂಪು ಬಟ್ಟೆ ಬೀಸಿ ಹಿಂದೆ ಬರುತ್ತಿದ್ದವರನ್ನು ನಿಲ್ಲಿಸಿದಳು. ಮಾವನ ತಲೆ, ಕತ್ತು, ಬೆನ್ನು ಎಲ್ಲ ಮುಟ್ಟಿ ನೋಡಿ, ಆಮೇಲೆಯೇ ಎತ್ತಿ ಕೂರಿಸಿದಳು. ಪುಣ್ಯಕ್ಕೆ ಮಂಡಿ ತರಚಿತ್ತು, ಅಂಗೈ ಸುಲಿದಿತ್ತು, ಅಷ್ಟೇ.

ಗ್ಯಾರೇಜಿನಿಂದ ಗಂಡ ಓಡಿಬಂದ. ದೂರ ಹೋಗುತ್ತಿದ್ದ ಬೈಕಿನ ಸದ್ದನ್ನು ಅವನು ಗುರುತು ಹಿಡಿದಿದ್ದ. ಅದರ ಸೈಲೆನ್ಸರನ್ನು ಬುಧವಾರ ಬಿಚ್ಚಿದ್ದು ಅವನೇ.

ಮಾವನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದ ಟೈಲರಕ್ಕ, ಯಾವುದೋ ಗಿರಾಕಿಯ ಅಳತೆಗೆಂದು ಪುಸ್ತಕ ತೆರೆದಳು. ಹೊಸಬಳ ಕೈಬರಹದಲ್ಲಿ ಪುಟಗಟ್ಟಲೆ ಅಂಕಿಗಳು. ಕಪ್ಪು, 7421, ಕನ್ನಡಿ ಇಲ್ಲ. ಕೆಂಪು, 3068, ಎಡಗಡೆ ಗೀರು.

"ಏಳು ಸಾವಿರ ಇಂಚು ಸೊಂಟ ಇರೋ ಗಿರಾಕಿ ಯಾರಮ್ಮ?" ಎಂದು ಕೇಳಿದಳು.

ಹೊಸಬಳು ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಗುರುತಿನ ಚೀಟಿ ತೆಗೆದು ಮುಂದಿಟ್ಟಳು. ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಮಫ್ತಿಯಲ್ಲಿ ಬಂದಿದ್ದಳು. ಟೈಲರಕ್ಕನಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಮಾಧಾನ. "ಸದ್ಯ, ಹಾಗಾದ್ರೆ ತಪ್ಪು ನಾನು ಕಲಿಸೋದ್ರಲ್ಲಿ ಇರಲಿಲ್ಲ" ಎಂದಳು. ಇಬ್ಬರೂ ನಕ್ಕರು. ಇನ್ನು ಮೇಲೆ ಬಹುವಚನ ಹಚ್ಚಬೇಕೇನೋ ಎಂದು ಅವಳು ತಡವರಿಸಿದಾಗ, ಅಕ್ಕ ಅಂದಮೇಲೆ ಏಕವಚನವೇ ಇರಲಿ ಎಂದಳು ಹೊಸಬಳು.

ಗಂಡನನ್ನು ಕರೆಸಿದರು. ಅವನು ಮತ್ತೆ ಹಳೆಯ ರಾಗವನ್ನೇ ಎಳೆಯಲು ನೋಡಿದ. ಹೊಸಬಳು ವಾದಕ್ಕೆ ಇಳಿಯಲಿಲ್ಲ. ಬಿಳಿ ಬಟ್ಟೆಯ ಥಾನು ತೆಗೆದುಕೊಂಡು ನೆಲದ ಮೇಲೆ ಒಂದು ಮೀಟರ್ ಹಾಸಿದಳು.

"ನಲವತ್ತರ ವೇಗದಲ್ಲಿ ಬ್ರೇಕ್ ಹಿಡಿದ್ರೆ ಬೈಕ್ ನಿಲ್ಲೋ ದೂರ ಇಷ್ಟು ಅಂದ್ಕೊಳ್ಳಿ ಅಣ್ಣ. ಎಂಬತ್ತಾದ್ರೆ ಇದರ ಎರಡರಷ್ಟಲ್ಲ, ನಾಲ್ಕರಷ್ಟು. ನೂರಿಪ್ಪತ್ತಾದ್ರೆ ಒಂಬತ್ತರಷ್ಟು."

ಥಾನು ಬಿಚ್ಚುತ್ತಾ ಹೋಯಿತು. ಹೊಲಿಗೆ ಮೆಷಿನ್ನುಗಳನ್ನು ದಾಟಿತು, ಹೊಸ್ತಿಲು ದಾಟಿತು, ಮೆಟ್ಟಿಲಿಳಿಯಿತು. ಒಂಬತ್ತನೆಯ ಮೀಟರಿನ ಅಂಚು ಹೊರಗೆ ಬಿಸಿಲು ಕಾಯುತ್ತಾ ಕೂತಿದ್ದ ಮಾವನ ಕುರ್ಚಿಯ ಕಾಲಿಗೆ ಹೋಗಿ ತಗುಲಿತು. ಬ್ರೇಕ್ ಹಿಡಿಯಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಬೈಕು ಓಡಿಬಿಡುವ ದೂರ ಇದಕ್ಕೆ ಸೇರಿಲ್ಲ, ಅದು ಬೇರೆ, ಎಂದಳು ಹೊಸಬಳು.

ಗಂಡ ಬಟ್ಟೆಯ ತುದಿಯನ್ನೇ ನೋಡುತ್ತಾ ನಿಂತ. "ಲೆಕ್ಕ ನಂಗೆ ಗೊತ್ತಿತ್ತು" ಎಂದ. "ಅದರ ತುದೀಲಿ ಅಪ್ಪ ಇರ್ತಾರೆ ಅಂತ ಗೊತ್ತಿರಲಿಲ್ಲ."

ಆಮೇಲೆ ಅವನು ಯಾವುದನ್ನೂ ಬಚ್ಚಿಡಲಿಲ್ಲ. ಕರವಸ್ತ್ರ ಬೀಸುವವನೇ ಪಂದ್ಯ ಕಟ್ಟಿಸುವವನು, ಮುಂದಿನ ಭಾನುವಾರ ದೊಡ್ಡ ಪಂದ್ಯವಿದೆ ಎಂದೆಲ್ಲ ಹೇಳಿದ. ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿ ಇಡುತ್ತೇವೆ ಎಂದು ಹೊಸಬಳು ಭರವಸೆ ಕೊಟ್ಟಳು. ಅವನು ಬೇಡವೆಂದು ತಲೆಯಾಡಿಸಿದ. ತಪ್ಪು ಮಾಡಿದ್ದು ಹಗಲು ಹೊತ್ತು, ಬಾಗಿಲು ತೆರೆದಿಟ್ಟು. ತಿದ್ದಿಕೊಳ್ಳುವುದಕ್ಕೆ ಗುಟ್ಟು ಏಕೆ ಎಂದ. ಸಿನಿಮಾದಲ್ಲಿ ತೋರಿಸುವಂತೆ ಅಟ್ಟಿಸಿಕೊಂಡು ಹೋಗುವುದು ಮಾತ್ರ ಬೇಡ, ಓಡುವವರೂ ಬೀಳುತ್ತಾರೆ, ಅಟ್ಟುವವರೂ ಬೀಳುತ್ತಾರೆ ಎಂದಳು ಹೊಸಬಳು. ಅದಕ್ಕೆ ಉಪಾಯ ಹೇಳಿದವಳು ಟೈಲರಕ್ಕ.

ಆ ಭಾನುವಾರ ಬೀದಿ ಎಂದಿಗಿಂತ ಚೊಕ್ಕಟವಾಗಿತ್ತು, ಏಕೆಂದರೆ ಗುಡಿಸುತ್ತಿದ್ದವರು ಆರು ಮಂದಿ. ಒಬ್ಬರಿಗೂ ಪೊರಕೆ ಹಿಡಿಯಲು ಬರುತ್ತಿರಲಿಲ್ಲ. ಹಾಲಿನ ವ್ಯಾನಿನಲ್ಲಿ ಹಾಲಿರಲಿಲ್ಲ, ಪೊಲೀಸರಿದ್ದರು. ಹದಿನಾಲ್ಕು ಬೈಕುಗಳು ಬಂದು ನಿಂತವು. ಟೈಲರಕ್ಕನ ಗಂಡ ಹೋಗಿ, ಇವತ್ತು ದೊಡ್ಡ ಪಂದ್ಯ, ಚೈನುಗಳನ್ನು ಒಮ್ಮೆ ನೋಡಿಬಿಡುತ್ತೇನೆ, ಗಾಡಿಗಳನ್ನು ಒಳಗೆ ಬಿಟ್ಟು ಟೀ ಕುಡಿದು ಬನ್ನಿ ಎಂದ. ಅವನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಒಂದೊಂದಾಗಿ ಹದಿನಾಲ್ಕೂ ಒಳಗೆ ಹೋದವು.

ಶಟರಿನ ಕೊಕ್ಕೆ ಹಿಡಿದ ಗಂಡ ಟೀ ಕುಡಿಯುತ್ತಿದ್ದವರ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದ. ಟೈಲರಕ್ಕ ಪಕ್ಕಕ್ಕೆ ಬಂದು, "ಬಿಡಿ ಇಲ್ಲಿ" ಎಂದು ಕೊಕ್ಕೆ ಕಸಿದುಕೊಂಡು, ಇಪ್ಪತ್ತು ವರ್ಷ ಮೆಷಿನ್ ತುಳಿದ ಕಾಲನ್ನು ನೆಲಕ್ಕೂರಿ, ಎರಡೂ ಕೈಯಿಂದ ಒಂದೇ ಎಳೆತ ಎಳೆದಳು. ಧಡಾರನೆ ಶಟರ್ ನೆಲ ಮುಟ್ಟಿತು. ಬೀಗವನ್ನೂ ಅವಳೇ ಹಾಕಿದಳು.

ಕರವಸ್ತ್ರದವನು ಕೂಗಾಡುತ್ತಾ ಓಡಿಬಂದ. ಗುಡಿಸುತ್ತಿದ್ದವರು ಪೊರಕೆ ಕೆಳಗಿಟ್ಟು ಅವನನ್ನು ಸುತ್ತುವರಿದರು. ಸವಾರರು ಟೀ ಲೋಟ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದರು. ಓಡೋಣವೆಂದರೆ ಬೈಕಿಲ್ಲ, ನಡೆದು ಹೋಗೋಣವೆಂದರೆ ರಸ್ತೆಯ ಎರಡು ತುದಿಗೂ ತಡೆ. ಹೊಸಬಳು ಸಮವಸ್ತ್ರದಲ್ಲಿ ಅಂಗಡಿಯಿಂದ ಹೊರಬಂದಾಗ ಮಹಡಿಗಳ ಮೇಲಿಂದ ಚಪ್ಪಾಳೆ ಬಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಸವಾರರ ಮೇಲೆ ಕೇಸಾಯಿತು, ಲೈಸೆನ್ಸುಗಳು ಅಮಾನತಾದವು. ಪಂದ್ಯ ಕಟ್ಟಿಸಿದವನು ಕೋರ್ಟಿಗೆ ಅಲೆಯುತ್ತಿದ್ದಾನೆ. ಟೈಲರಕ್ಕನ ಗಂಡನಿಗೂ ದಂಡ ಬಿತ್ತು. ತಕರಾರಿಲ್ಲದೆ ಕಟ್ಟಿ ಬಂದು, ಬಿಚ್ಚಿಟ್ಟಿದ್ದ ಸೈಲೆನ್ಸರುಗಳನ್ನೆಲ್ಲ ಹುಡುಕಿ ಹುಡುಕಿ ಮತ್ತೆ ಜೋಡಿಸಿದ. ಮಾವನನ್ನು ಬೀಳಿಸಿದವನು ಒಂದು ಮಧ್ಯಾಹ್ನ ತಲೆ ತಗ್ಗಿಸಿ ಮನೆಗೆ ಬಂದ. ಅವನು ಮಕ್ಕಳೊಂದಿಗ, ಬ್ಯಾಂಕಿನ ಗುಮಾಸ್ತ. ಮಾವ ಅವನನ್ನು ಕೂರಿಸಿಕೊಂಡು ಮೊದಲು ಚೆನ್ನಾಗಿ ಬೈದರು, ಆಮೇಲೆ ಊಟಕ್ಕೆ ಎಬ್ಬಿಸಿದರು. ವೇಗದ ಹುಚ್ಚು ಬಿಡಲಾರೆ ಎಂದವರಿಗೆ ಟೈಲರಕ್ಕನ ಗಂಡ ಈಗ ಊರಾಚೆಯ ಮೈದಾನ ತೋರಿಸುತ್ತಾನೆ. ಅದು ಇದಕ್ಕೆಂದೇ ಕಟ್ಟಿದ ರೇಸ್ ಟ್ರ್ಯಾಕ್. ಅಲ್ಲಿ ಹೆಲ್ಮೆಟ್ಟಿದೆ, ತರಬೇತುದಾರರಿದ್ದಾರೆ, ಆಂಬುಲೆನ್ಸ್ ನಿಂತಿರುತ್ತದೆ, ಎದುರಿಗೆ ಯಾರೂ ಬರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಇಂಥ ಓಟ ನಡೆಯುತ್ತಿದ್ದರೆ ನೀವೇ ಅಡ್ಡ ನಿಲ್ಲಲು ಹೋಗಬೇಡಿ. ದಿನ, ಹೊತ್ತು, ಬೈಕಿನ ನಂಬರ್ ಬರೆದಿಟ್ಟುಕೊಂಡು ಪೊಲೀಸರಿಗೆ ಫೋನ್ ಮಾಡಿ. ನೀವು ಮೆಕ್ಯಾನಿಕ್ ಆಗಿದ್ದರೆ, ಸೈಲೆನ್ಸರ್ ಬಿಚ್ಚಿಕೊಡು ಎಂದವರಿಗೆ ಆಗುವುದಿಲ್ಲ ಎನ್ನಿ. ಹ್ಯಾಂಡಲ್ ಹಿಡಿದವರು ನೀವೇ ಆಗಿದ್ದರೆ, ಒಂದು ಮಾತು ತಿಳಿದಿರಲಿ: ರಸ್ತೆ ದಾಟುತ್ತಿರುವ ಮುದುಕರಿಗೆ ನೀವು ಪಂದ್ಯದಲ್ಲಿದ್ದೀರಿ ಎಂಬುದು ಗೊತ್ತಿಲ್ಲ. ಅವರು ಪೇಪರ್ ತರಲು ಹೊರಟಿದ್ದಾರೆ, ಅಷ್ಟೇ. ನಿಧಾನಿಸಿ, ಅವರು ದಾಟಲಿ.