ಬಿಸಿಲು ಮುಚ್ಚಿದ ಮನೆ

ಉದಯಶಂಕರ್ ಸುಮ್ಮನೆ ವಾಸ್ತು ನಂಬಿದ್ದರೆ ಏನೂ ಕೆಡುತ್ತಿರಲಿಲ್ಲ. ಮೈಸೂರಿನಲ್ಲಿ ಓದಿ, ದೂರದ ದಕ್ಷಿಣದ ದೇಶವೊಂದರ ಪಾಮರ್ಸ್ಟನ್ ನಾರ್ತ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಹಾಲಿನ ಪುಡಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಮನುಷ್ಯ. ಸುಮ್ಮನೆ ನಂಬುವುದು ಅವನ ಜಾಯಮಾನವಲ್ಲ. ವಾಸ್ತುವಿನ ಮೇಲೂ ತಲೆ ಓಡಿಸಿದ.

ಅವನೂ ಹೆಂಡತಿ ಅರುಂಧತಿಯೂ ಅಲ್ಲಿ ಕೊಂಡಿದ್ದು ಹಳೆಯ ಮರದ ಮನೆ. ನಡುಮನೆಯ ಉತ್ತರಕ್ಕೆ ಗೋಡೆಯಗಲದ ಕಿಟಕಿ, ಅದರ ಪಕ್ಕದಲ್ಲಿ ಕಬ್ಬಿಣದ ಸೌದೆ ಒಲೆ. ಉತ್ತರ ತೆರೆದಿರಬೇಕು, ದಕ್ಷಿಣ ಮುಚ್ಚಿರಬೇಕು ಎನ್ನುತ್ತದೆ ಶಾಸ್ತ್ರ. ಆದರೆ ನಾವಿರುವುದು ಭೂಮಧ್ಯರೇಖೆಯ ಕೆಳಗೆ, ಇಲ್ಲಿ ಎಲ್ಲವೂ ತಿರುಗುಮುರುಗು, ಆದ್ದರಿಂದ ಉತ್ತರ ಮುಚ್ಚಿ ದಕ್ಷಿಣ ತೆರೆಯಬೇಕು ಎಂದು ಉದಯಶಂಕರ್ ಲೆಕ್ಕ ಹಾಕಿದ. ಮೈಸೂರಿನಲ್ಲಿದ್ದ ಅವನ ದೊಡ್ಡಪ್ಪ ಪದ್ಮನಾಭ ಸ್ಕೈಪಿನಲ್ಲಿ ನಕ್ಷೆ ನೋಡಿ, ಮನೆ ಇದ್ದ ಹಾಗೇ ಚೆನ್ನಾಗಿದೆ, ಕೈ ಹಚ್ಚಬೇಡ ಎಂದರು. ದೊಡ್ಡಪ್ಪ ಗ್ಲೋಬನ್ನೇ ನೋಡಿಲ್ಲ ಎಂದು ಇವನು ನಕ್ಕ.

ಆ ಬೇಸಿಗೆ ಕಿಟಕಿ ಇದ್ದ ಜಾಗದಲ್ಲಿ ಗೋಡೆ ಎದ್ದಿತು. ಒಲೆ ಕಿತ್ತರು, ಹೊಗೆ ಕೊಳವೆ ಇಳಿಸಿದರು. ದಕ್ಷಿಣದ ಗೋಡೆ ಒಡೆದು ದೊಡ್ಡ ಗಾಜಿನ ಬಾಗಿಲು ಕೂರಿಸಿದರು. ಪಕ್ಕದ ಮನೆಯ ಮುದುಕ ಬೇಲಿಯಾಚೆ ನಿಂತು, ಚಳಿಗಾಲದಲ್ಲಿ ಸೂರ್ಯ ಬರುವುದು ನೀವು ಮುಚ್ಚಿದ ಕಡೆಯಿಂದಲ್ಲವೇ ಎಂದು ಅರುಂಧತಿಯನ್ನು ಕೇಳಿದ. ಅವಳು ಗಂಡನಿಗೆ ಹೇಳಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ, ಅವಳೂ ಹಟ ಹಿಡಿಯಲಿಲ್ಲ. ಆಗಲೇ ಹಿಡಿಯಬೇಕಿತ್ತು.

ಆ ದೇಶದಲ್ಲಿ ಮನೆಗೆ ಬಿಸಿಲು ಉತ್ತರದಿಂದ, ಕೊರೆಯುವ ಗಾಳಿ ದಕ್ಷಿಣದಿಂದ. ಈ ಮನೆ ಬಿಸಿಲಿಗೆ ಬೆನ್ನು ಹಾಕಿ ಗಾಳಿಗೆ ಬಾಯಿ ತೆರೆದು ಕೂತಿತು. ಮೊದಲ ಚಳಿಗಾಲದಲ್ಲಿ ಗಾಜಿನ ಮೇಲೆ ನೀರಿಳಿಯಿತು, ಒಗೆದ ಬಟ್ಟೆ ಮನೆಯೊಳಗೆ ವಾರವಾದರೂ ಒಣಗಲಿಲ್ಲ. ಎರಡನೆಯದರಲ್ಲಿ ಮಗಳು ಸಿಂಚನಾಳ ಕೋಣೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬೂಷ್ಟಿನ ಕಪ್ಪು ಚುಕ್ಕಿಗಳೆದ್ದವು. ಅರುಂಧತಿ ಬ್ಲೀಚ್ ಹಾಕಿ ಉಜ್ಜಿದಳು. ಅವು ಮಂಚದ ಹಿಂದೆ ಎದ್ದವು. ಅಲ್ಲಿ ಉಜ್ಜಿದರೆ ಬೀರುವಿನೊಳಗೆ, ಮಗುವಿನ ಸ್ವೆಟರಿನ ಮಡಿಕೆಯಲ್ಲಿ. ಹೀಟರ್ ಇಟ್ಟರೆ ಅದರ ಮುಂದೆ ಮಾತ್ರ ಬೆಚ್ಚಗಿರುತ್ತಿತ್ತು. ಮನೆ ಒಳಗೊಳಗೇ ಏನೋ ಬೆಳೆಸುತ್ತಿದೆ ಅನ್ನಿಸಿ ಅವಳಿಗೆ ಹೆದರಿಕೆಯಾಗುತ್ತಿತ್ತು.

ಸಿಂಚನಾಳಿಗೆ ಏಳು ವರ್ಷ. ಕೆಮ್ಮು ಶುರುವಾದರೆ ಮುಖ ನೀಲಿಗಟ್ಟುತ್ತಿತ್ತು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಮೂರನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಮನೆಯ ವಿಷಯವೆಲ್ಲ ಕೇಳಿ ತಿಳಿದುಕೊಂಡರು. ಈ ಮಗು ಇನ್ನೊಂದು ಚಳಿಗಾಲ ಆ ಮನೆಯಲ್ಲಿ ಕಳೆಯಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಮಾರಬೇಕು, ಅದೂ ಜೂನ್‌ನಲ್ಲಿ ಚಳಿಗಾಲ ಶುರುವಾಗುವುದರೊಳಗೆ. ಗೋಡೆ ಒಡೆದು ಮತ್ತೆ ಮೊದಲಿನಂತೆ ಮಾಡಿಸಲು ದುಡ್ಡಿರಲಿಲ್ಲ. ಸಾಲದ ಕಂತಿನ ಜೊತೆಗೆ ಬಾಡಿಗೆ ಕಟ್ಟುವ ತ್ರಾಣವೂ ಇರಲಿಲ್ಲ. ಮಾರಾಟಕ್ಕೆ ಬಂದ ಏಜೆಂಟ್ ಹೆಂಗಸು ನಡುಮನೆಯಲ್ಲಿ ನಿಂತು, ಒಲೆ ಎಲ್ಲಿ, ಬಿಸಿಲು ಎಲ್ಲಿ ಎಂದಳು. ಇಲ್ಲಿಯವರು ಮೊದಲು ನೋಡುವುದು ಅವೆರಡನ್ನೇ, ನೀವು ದುಡ್ಡು ಸುರಿದು ಅವೆರಡನ್ನೂ ತೆಗೆಸಿದ್ದೀರಿ ಎಂದಳು. ಉದಯಶಂಕರ್ ಮುಖ ಗಂಟು ಹಾಕಿಕೊಂಡ. ಭಾನುವಾರಗಳಲ್ಲಿ ಜನ ಬಂದರು, ಜಾಕೆಟ್ ಬಿಚ್ಚದೆ ಸುತ್ತು ಹಾಕಿದರು, ಮೂಗೆಳೆದು ವಾಸನೆ ನೋಡಿದರು, ಹೋದರು. ಪ್ರತಿ ಶನಿವಾರ ಉದಯಶಂಕರ್ ಸಿಂಚನಾಳ ಕೋಣೆಯ ಮೂಲೆಗೆ ಹೊಸದಾಗಿ ಬಿಳಿ ಬಣ್ಣ ಬಳಿಯುತ್ತಿದ್ದ.

ಏಪ್ರಿಲ್‌ನಲ್ಲಿ ಅಜಿತ್, ಯಾಮಿನಿ ಬಂದರು. ಅದೇ ದೇಶದ ಪಾಪಕುರಾ ಎಂಬ ಊರಿನಲ್ಲಿದ್ದ ಬೆಂಗಳೂರಿನ ಗಂಡ ಹೆಂಡತಿ. ಅವನಿಗೆ ಈ ಊರಲ್ಲಿ ಕೆಲಸ ಸಿಕ್ಕಿತ್ತು, ಅವಳ ತೋಳಿನಲ್ಲಿ ಮೂರು ತಿಂಗಳ ಗಂಡು ಮಗುವಿತ್ತು. ಅಂದು ಹೊರಗೆ ಎಳೆಬಿಸಿಲು, ಒಳಗೆ ನಾಲ್ಕು ಹೀಟರ್. ಕನ್ನಡ ಕೇಳಿದ್ದೇ ಯಾಮಿನಿಯ ಮುಖ ಅರಳಿತು. ಉದಯಶಂಕರ್ ತನ್ನ ವಾಸ್ತುವಿನ ಲೆಕ್ಕ ವಿವರಿಸಿದ, ಅಜಿತ್ ತಲೆದೂಗಿದ. ಕೊಳ್ಳುವ ಮುಂಚೆ ತಜ್ಞರಿಂದ ಮನೆ ಪರೀಕ್ಷೆ ಮಾಡಿಸುತ್ತೀರಾ ಎಂದು ಏಜೆಂಟ್ ಕೇಳಿದಾಗ, ನಮ್ಮವರ ಮನೆಗೆ ಪರೀಕ್ಷೆ ಮಾಡಿಸಿದರೆ ಅವಮಾನ ಮಾಡಿದ ಹಾಗಲ್ಲವೇ ಎಂದು ಅಜಿತ್ ನಾಚಿಕೊಂಡ. ಬೇಡ ಎಂದ.

ಯಾಮಿನಿ ಕೋಣೆಗಳನ್ನು ನೋಡುತ್ತ ಸಿಂಚನಾಳ ಕೋಣೆಗೆ ಬಂದಳು. ಅರುಂಧತಿ ಹಿಂದೆಯೇ ಬಂದಳು.

"ಅಕ್ಕ, ನಿಮ್ ಮಗಳು ಮಲಗೋದು ಇಲ್ಲೇನಾ?"

"ಹೂಂ."

"ಹಾಗಾದ್ರೆ ನಮ್ ಪುಟ್ಟಂಗೂ ಇದೇ ರೂಮು."

ಮೊದಲ ಸಲ ಮನೆಗೆ ಬಂದ ಎಳೆಮಗುವನ್ನು ಸುಮ್ಮನೆ ಕಳಿಸುವ ಪದ್ಧತಿಯಿಲ್ಲ. ಅರುಂಧತಿ ಯಾಮಿನಿಗೆ ಅರಿಶಿನ ಕುಂಕುಮ ಕೊಟ್ಟು, ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಮಗುವಿನ ನೆತ್ತಿಗೆ ಒತ್ತಿದಳು. ನೆತ್ತಿ ಮೆತ್ತಗಿತ್ತು, ಬೆರಳಿನ ಕೆಳಗೆ ಬಡಿಯುತ್ತಿತ್ತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಇವರು ಹೋಗುತ್ತಾರೆ, ಜೂನ್ ಬರುತ್ತದೆ, ಸಿಂಚನಾ ಇದೇ ಕೋಣೆಯಲ್ಲಿ ಮಲಗುತ್ತಾಳೆ. ನಡುಮನೆಯಿಂದ ಗಂಡನ ನಗು ಕೇಳಿಸುತ್ತಿತ್ತು. ಅರುಂಧತಿ ಮಗುವಿಗೆ ನೂರು ವರ್ಷ ಬಾಳು ಎಂದು ಹರಸಿದಳು. ಯಾಮಿನಿ ಬಗ್ಗಿ ಅವಳ ಕಾಲು ಮುಟ್ಟಿದಳು.

ಅಜಿತ್ ಮನೆ ಕೊಂಡ. ಮೇ ಮುಗಿಯುವ ಹೊತ್ತಿಗೆ ಅರುಂಧತಿ, ಉದಯಶಂಕರ್, ಸಿಂಚನಾ ಊರಿನ ಇನ್ನೊಂದು ಬದಿಯ ಸಣ್ಣ ಬಾಡಿಗೆ ಮನೆಗೆ ಬಂದರು. ಎರಡೇ ಕೋಣೆ, ಕಾಲಿಡಲು ಜಾಗವಿಲ್ಲ, ಆದರೆ ಬೆಳಿಗ್ಗೆಯಿಂದಲೇ ಬಿಸಿಲು ನೆಲದ ಮೇಲೆ ಬಿದ್ದಿರುತ್ತಿತ್ತು. ಜೂನ್ ಬಂತು, ಹುಲ್ಲಿನ ಮೇಲೆ ಹಿಮ ಕೂತಿತು. ಸಿಂಚನಾ ಕೆಮ್ಮಲಿಲ್ಲ. ಕೆನ್ನೆಗೆ ಬಣ್ಣ ಬಂತು, ಅನ್ನ ಕೇಳಿ ಹಾಕಿಸಿಕೊಂಡು ತಿನ್ನತೊಡಗಿದಳು. ಅರುಂಧತಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಕೂರಲು ಮಾತ್ರ ಆಗುತ್ತಿರಲಿಲ್ಲ. ಆ ಹಳೆಯ ಮನೆಯ ರಸ್ತೆಗೆ ಅವಳು ಕಾರು ತಿರುಗಿಸುತ್ತಲೇ ಇರಲಿಲ್ಲ.

ಜುಲೈನ ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. ಯಾಮಿನಿ. ದನಿ ಬಳಲಿತ್ತು, ದೂರು ಇರಲಿಲ್ಲ.

"ಅಕ್ಕ, ತೊಂದ್ರೆ ಕೊಡ್ತಿದೀನಿ. ಪುಟ್ಟಂಗೆ ಕೆಮ್ಮು ಹತ್ಕೊಂಡಿದೆ, ಬಿಡ್ತಾನೇ ಇಲ್ಲ. ಅಮ್ಮನೂ ಇಲ್ಲಿಲ್ಲ. ನಿಮಗಾದ್ರೆ ಅನುಭವ ಇದೆ, ಏನು ಕೊಡ್ಲಿ ಹೇಳಿ."

ಅರುಂಧತಿ ಹೇಳತೊಡಗಿದಳು. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡುವುದು, ಎಣ್ಣೆ ಬೆಚ್ಚಗೆ ಮಾಡಿ ಎದೆಗೆ ಹಚ್ಚುವುದು, ಬೆನ್ನಿಗೆ ಎಷ್ಟು, ಅಂಗಾಲಿಗೆ ಎಷ್ಟು. ನಿಲ್ಲಿಸಿದರೆ ಬೇರೆ ಮಾತು ಬಾಯಿಗೆ ಬರುತ್ತದೆ ಎಂದು ನಿಲ್ಲಿಸದೆ ಹೇಳಿದಳು. ಯಾಮಿನಿ ಹೂಂ ಅಕ್ಕ, ಹೂಂ ಅಕ್ಕ ಎನ್ನುತ್ತಿದ್ದಳು. ಆ ದನಿಯ ಹಿಂದೆ ಮಗು ಕೆಮ್ಮಿತು. ಅರುಂಧತಿಗೆ ಆ ಕೆಮ್ಮಿನ ಗುರುತು ಚೆನ್ನಾಗಿತ್ತು. ಕೊನೆಗೆ ಎಳೆದುಕೊಳ್ಳುವ ಆ ಸೀಟಿಯಂಥ ಉಸಿರನ್ನು ಎರಡು ಚಳಿಗಾಲ ಕೇಳಿದವಳು ಅವಳು.

"ಯಾಮಿನಿ, ಔಷಧಿ ಇರ್ಲಿ. ಈಗ್ಲೇ ಡಾಕ್ಟರ್ ಹತ್ರ ಹೋಗು. ಮಗೂನ ಆ ರೂಮಲ್ಲಿ ಮಲಗಿಸ್ಬೇಡ. ಆ ರೂಮು ಒಳ್ಳೇದಲ್ಲ ಕಣೇ. ನಂಗೆ ಗೊತ್ತಿತ್ತು."

ಆ ಕಡೆಯಿಂದ ಮಗುವಿನ ಉಸಿರು ಕೇಳಿಸುತ್ತಿತ್ತು.

"ಆ ರೂಮಿಂದ ಆಗ್ಲೇ ಆಚೆ ತಂದ್ವಿ ಅಕ್ಕ. ನಡುಮನೇಲೂ ಗೋಡೆ ತುಂಬ ಕಪ್ಪು ಚುಕ್ಕಿ, ನಮ್ ರೂಮಲ್ಲೂ ಹಂಗೇ ಇದೆ." ಯಾಮಿನಿಯ ದನಿ ಒಡೆಯಿತು. "ನೀವೇ ಹೇಳಿ ಅಕ್ಕ, ಈ ಮನೇಲಿ ಮಗೂನ ಎಲ್ಲಿ ಮಲಗಿಸ್ಲಿ?"